ಗಿಟಾರಿನ ಮೊದಲ ಮನೆಯ ನಿವಾಸಿ ಎಫ್ ಮೇಜರ್ ಅವರಿಗೆ

ಕಾಪು,
ಜನವರಿ ೨೯, ೧೯೮೪

ಇವರಿಗೆ,
ಶ್ರೀಮಾನ್ ಎಫ್ ಮೇಜರ್ ಅವರು,
ಮೊದಲನೆಯ ಮನೆ, ಆರೂ ತಂತಿಗಳ ಮೇಲೆ ಅಡ್ಡಲಾಗಿ,
ಗಿಟಾರಿನ ಕುತ್ತಿಗೆ.

ವಿಷಯ: ಒಂದು ಗಿಟಾರಿನ ಒಡೆತನದ ಬಗ್ಗೆ ತಮ್ಮಿಂದ ಪ್ರಮಾಣಪತ್ರ ಕೋರಿ, ದಾರಿಯಲ್ಲಿ ಸಿಕ್ಕಿದ ಕೆಲವು ದೂರುಗಳು ಸಹಿತ.

ಮಾನ್ಯರೇ,

ಮೊದಲಿಗೆ ತಮ್ಮ ಆರೂ ತಂತಿಗಳ ಕ್ಷೇಮವನ್ನು ವಿಚಾರಿಸಿ, ನನ್ನ ಎಡಗೈಯ ನಾಲ್ಕು ಬೆರಳುಗಳ ಪರವಾಗಿ ತಮಗೆ ನಾಲ್ಕು ಪ್ರತ್ಯೇಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಹೆಬ್ಬೆರಳು ತನ್ನದೂ ಒಂದು ಇರಲಿ ಎಂದಿತು. ಆದರೆ ಅದು ಎಂಟು ತಿಂಗಳಿಂದ ಕುತ್ತಿಗೆಯ ಹಿಂಬದಿಯಲ್ಲೇ ದುಡಿಯುತ್ತಿದ್ದು ತಮ್ಮ ಮುಖವನ್ನು ಇದುವರೆಗೆ ಕಂಡಿಲ್ಲವಾದ್ದರಿಂದ, ಪರಿಚಯವಿಲ್ಲದವರಿಗೆ ನಮಸ್ಕಾರ ಕಳುಹಿಸುವುದು ಶಿಷ್ಟಾಚಾರವಲ್ಲವೆಂದು ನಾನೇ ತಡೆದೆ.

ತಾವು ಕಾರ್ಡ್, ಎಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಆಗಿರುವುದರಿಂದ ತಮಗೆ ಅಂಚೆ ಕಾರ್ಡೇ ಸಾಕಾಗಿತ್ತು. ತಮ್ಮೊಡನೆ ವ್ಯವಹಾರವನ್ನೆಲ್ಲ ತಂತಿಯ ಮೂಲಕವೇ ನಡೆಸುವುದು ವಾಡಿಕೆ ಎಂಬುದೂ ನನಗೆ ತಿಳಿಯದ ವಿಷಯವಲ್ಲ. ಆದರೆ ಕಳೆದ ಮೇ ತಿಂಗಳಿಂದ ನಾನು ಕೊಟ್ಟ ತಂತಿಗಳಿಗೆಲ್ಲ ತಾವು ಕೊಟ್ಟ ಉತ್ತರ 'ಟಪ್' ಎಂಬ ಒಂದೇ ಒಂದು ಶಬ್ದವಾದ್ದರಿಂದ, ವಿಷಯವನ್ನು ಊರವರೆಲ್ಲ ಓದುವಂತೆ ವಿಸ್ತಾರವಾಗಿ ಬರೆಯದೆ ಬೇರೆ ದಾರಿ ಕಾಣಲಿಲ್ಲ. ಪ್ರಶ್ನೆ ಸಣ್ಣದು: ಲಿಗೋರಿಯವರ ಗಿಟಾರು ನನ್ನದೋ ಅಲ್ಲವೋ? ಇದಕ್ಕೆ ಕಣ್ಣಾರೆ ಕಂಡ ಸಾಕ್ಷಿ, ಅಥವಾ ಬೆರಳಾರೆ ಒತ್ತಿಸಿಕೊಂಡ ಸಾಕ್ಷಿ, ತಾವೊಬ್ಬರೇ.

ನನ್ನ ಪರಿಚಯ ತಮಗೆ ಒತ್ತಡದ ಮೂಲಕ ಆಗಿದ್ದರೂ ಮಾತಿನ ಮೂಲಕ ಆಗಿಲ್ಲ. ನಾನು ಹೃಷೀಕೇಶ, ಉಡುಪಿಯ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ತರ್ಕಶಾಸ್ತ್ರ ಕಲಿಸುತ್ತಿರುವವನು, ಮನೆ ಕಾಪುವಿನಲ್ಲಿ. ನಮ್ಮ ಬೇಲಿಯ ಆಚೆಗಿನ ಮನೆ ಲಿಗೋರಿಯವರದು. ಅವರು ಮಸ್ಕತ್ತಿನಲ್ಲಿ ಕ್ರೇನ್ ನಡೆಸುವವರು, ಎಂಥ ಭಾರವನ್ನೂ ಎತ್ತಿ ಬೇರೆಯವರ ತಲೆಯ ಮೇಲೆ ನಿಧಾನವಾಗಿ ಇಳಿಸುವುದರಲ್ಲಿ ನಿಪುಣರು. ಹೋದ ಮೇಯಲ್ಲಿ ರಜೆಗೆ ಬಂದಾಗ ಅವರ ಪೆಟ್ಟಿಗೆಗಳ ಜೊತೆ ಒಂದು ಗಿಟಾರೂ ಇಳಿಯಿತು. ಅವರ ಮನೆಯಲ್ಲಿ ಅದನ್ನು ಮುಟ್ಟುವವರಿರಲಿಲ್ಲ. ಒಂದು ಸಂಜೆ ಬೇಲಿಯ ಬಳಿ ನಿಂತು ನಾನು ಆ ಗಿಟಾರಿನ ಅಂದವನ್ನು ಸ್ವಲ್ಪ ಜಾಸ್ತಿಯೇ ಹೊಗಳಿದ್ದಿರಬೇಕು. ಅವರು ಅದನ್ನು ಬೇಲಿಯ ಮೇಲಿನಿಂದ ನನ್ನ ಕೈಗೆ ದಾಟಿಸಿ, "ಮಾಷ್ಟ್ರೇ, ಜನವರಿಯಲ್ಲಿ ನಮ್ಮ ಮಗಳು ಲೊರ್ನಾಳ ಮದುವೆ ಉಂಟು. ನಮ್ಮಮ್ಮ ಹೇಳುತ್ತಿದ್ದ ಒಂದು ಹಾಡು ಉಂಟು. ಆ ಹಾಡಿಗೆ ಗಿಟಾರ್ ಬಾರಿಸಿದವರಿಗೆ ಗಿಟಾರ್. ಆಗಲಿಲ್ಲ ಅಂದರೆ ವಾಪಸ್ ಕೊಡಿ, ಬೇಜಾರು ಎಂತ ಇಲ್ಲ" ಎಂದರು. ಆ ಮಾತಿನ ಪದಗಳನ್ನು ದಯವಿಟ್ಟು ಗಮನಿಸಬೇಕು. ಮುಂದೆ ಅವುಗಳ ಮೇಲೆಯೇ ವ್ಯಾಜ್ಯ ನಿಂತಿದೆ.

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ಗಿಟಾರಿನ ಕುತ್ತಿಗೆ ಹಿಡಿದ ನಾನು, ವಿದ್ಯೆಯನ್ನು ಕ್ರಮವಾಗಿಯೇ ಕಲಿಯಬೇಕೆಂದು ಲಿಯೋನೆಲ್ ಅವರನ್ನು ಆಶ್ರಯಿಸಿದೆ. ಅವರು ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ದಿನವಿಡೀ ಅಕ್ಷರಗಳನ್ನು ತಲೆಕೆಳಗಾಗಿ ಓದಿ ಅಭ್ಯಾಸವಾಗಿರುವುದರಿಂದ ಸಂಗೀತವನ್ನು ಬೇಗ ಕಲಿತರಂತೆ. ಮೊದಲ ಪಾಠದಲ್ಲಿ ಅವರು ಹೇಳಿದ್ದು ಇಷ್ಟೇ: "ಒಂದು ಸ್ವರ ಹಿಡಿಯಿರಿ, ಪಕ್ಕದ್ದು ಬಿಡಿ. ಇನ್ನೊಂದು ಹಿಡಿಯಿರಿ, ಅದರ ಪಕ್ಕದ್ದು ಬಿಡಿ. ಮತ್ತೊಂದು ಹಿಡಿಯಿರಿ. ಮೂರನ್ನೂ ಒಟ್ಟಿಗೆ ಬಾರಿಸಿದರೆ ಕಾರ್ಡ್. ಅಷ್ಟೇ ಉಂಟು ಮಾರಾಯ್ರೇ." ಸಿ ಯಿಂದ ಹೊರಟು ಹೀಗೆ ಹಿಡಿಯುತ್ತ ಬಿಡುತ್ತ ಹೋದರೆ ಸಿ, ಇ, ಜಿ, ನಮ್ಮ ಲೆಕ್ಕದಲ್ಲಿ ಸ, ಗ, ಪ. ಅದು ಸಿ ಮೇಜರ್. ತಮ್ಮಿಂದ ಹೊರಟರೆ ಎಫ್, ಎ, ಸಿ. ಅಂದರೆ ಮ, ದ, ಸ. ಲಿಗೋರಿಯವರ ತಾಯಿಯ ಹಾಡಿಗೆ ಸಿ, ಎಫ್, ಜಿ ಈ ಮೂರೇ ಸಾಕೆಂದು ಲಿಯೋನೆಲ್ ಅಪ್ಪಣೆ ಕೊಡಿಸಿದರು. ನಾನು ನನ್ನ ಪುಸ್ತಕದ ಅಂಚಿನಲ್ಲಿ ಸಿ ಎಂದರೆ ಸ, ಎಫ್ ಎಂದರೆ ಮ, ಜಿ ಎಂದರೆ ಪ ಎಂದು ಕೆಂಪು ಶಾಯಿಯಲ್ಲಿ ಬರೆದು, ಪಾಶ್ಚಾತ್ಯ ಸಂಗೀತವನ್ನು ಒಂದೇ ಸಾಲಿನಲ್ಲಿ ಗೆದ್ದೆನೆಂದು ಆ ದಿನ ಎರಡು ಲೋಟ ಕಾಫಿ ಕುಡಿದೆ.

ತರ್ಕದ ಮನುಷ್ಯನಾದ್ದರಿಂದ ಕೆಲವು ಸಂಶಯಗಳು ಆಗಲೇ ಬಂದಿದ್ದವು, ಮತ್ತು ತಮ್ಮ ಇಲಾಖೆಯ ಹೆಸರಿಡುವ ಕ್ರಮದ ಬಗ್ಗೆ ಮೆಚ್ಚುಗೆ ಸೂಚಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಅಕ್ಷರಮಾಲೆ ಎ ಯಿಂದ ಆರಂಭವಾಗುತ್ತದೆ. ತಮ್ಮ ಸ್ವರಮಾಲೆಯಾದರೋ ಸಿ ಯಿಂದ ಹೊರಟು, ಜಿ ವರೆಗೆ ಹೋಗಿ, ಮನೆಯಲ್ಲಿ ಏನೋ ಮರೆತುಬಂದವರ ಹಾಗೆ ಹಿಂದಿರುಗಿ ಎ ಮತ್ತು ಬಿ ಯನ್ನು ಕೈಹಿಡಿದು ಕರೆದುಕೊಂಡು ಬರುತ್ತದೆ. ಜಿ ಯ ನಂತರ ಯಾರೂ ಇಲ್ಲವೇಕೆ ಎಂದು ಲಿಯೋನೆಲ್ ಅವರನ್ನು ಕೇಳಿದಾಗ, ಪ್ರೆಸ್ಸಿನವರ ಸಹಜ ಜ್ಞಾನದಿಂದ, "ಎಚ್ ನಿಂದ ಮುಂದಿನ ಮೊಳೆ ಆಗ ಸ್ಟಾಕ್ ಇರಲಿಲ್ಲವೋ ಎಂತದೋ" ಎಂದರು. ಇನ್ನು ಈ ಏಳು ಸ್ವರಗಳ ನಡುವೆ ಒಂದೊಂದು ಕರಿಮನೆ ಇರುವುದು ನನ್ನ ಹೆಂಡತಿಯ ಹಾರ್ಮೋನಿಯಂ ನೋಡಿದವರಿಗೆಲ್ಲ ಗೊತ್ತು; ಆದರೆ ತಮಗೂ ತಮ್ಮ ನೆರೆಯವರಾದ ಇ ಗೂ ನಡುವೆ ಮಾತ್ರ ಅದಿಲ್ಲ. ಬಿ ಗೂ ಸಿ ಗೂ ನಡುವೆಯೂ ಇಲ್ಲ. ಬೇಲಿಯೇ ಇಲ್ಲದೆ ಗೋಡೆಗೆ ಗೋಡೆ ತಾಗಿಸಿ ಬದುಕುವ ಈ ಸೌಹಾರ್ದವನ್ನು ಕಂಡು ನಾನೂ ಲಿಗೋರಿಯವರೂ ನಾಚಿಕೊಂಡೆವು. ತಮಗೂ ಜಿ ಗೂ ನಡುವಿನ ಕರಿಮನೆಗೋ ಎರಡು ಹೆಸರು: ತಮ್ಮ ಕಡೆಯಿಂದ ಹತ್ತಿದವರು ಎಫ್ ಶಾರ್ಪ್ ಎಂದೂ, ಜಿ ಕಡೆಯಿಂದ ಇಳಿದವರು ಜಿ ಫ್ಲ್ಯಾಟ್ ಎಂದೂ ಕರೆಯುತ್ತಾರೆ. ಶಾಲೆಯ ರಿಜಿಸ್ಟರಿನಲ್ಲಿ ವಿಷ್ಣುಮೂರ್ತಿ, ಮನೆಯಲ್ಲಿ ಅಪ್ಪು ಆಗಿರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ಇದಕ್ಕೆ ನನ್ನ ಆಕ್ಷೇಪವಿಲ್ಲ.

ಮೇಜರ್ ಆಗಿದ್ದವರ ನಡುವಿನ ಸ್ವರವನ್ನು ಒಂದೇ ಒಂದು ಮನೆ ಕೆಳಗಿಳಿಸಿದರೆ ಅವರು ಮೈನರ್ ಆಗಿ ಅಳುಮುಖ ಮಾಡುತ್ತಾರೆ ಎಂಬ ನಿಯಮವನ್ನಂತೂ ನಾನು ತುಂಬು ಹೃದಯದಿಂದ ಸ್ವಾಗತಿಸಿದೆ. ವಯಸ್ಸು ಹಿಂದಕ್ಕೆ ಹೋಗುವ ಉಪಾಯ ಇಷ್ಟು ಸುಲಭವೆಂದು ಇಡೀ ಸ್ಟಾಫ್ ರೂಮಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಜಿ ಸೆವೆನ್ ಎಂಬವರು ಬಂದ ದಿನ ಆರು ತಂತಿಯ ವಾದ್ಯದಲ್ಲಿ ಏಳನೆಯದು ಎಲ್ಲಿದೆ ಎಂದು ಗಿಟಾರಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಒಣಗಿದ ಜಿರಳೆ ಸಿಕ್ಕಿತು. ಏಳು ಎಂದರೆ ತಂತಿಯಲ್ಲ, ಜಿ ಯಿಂದ ಎಣಿಸಿದಾಗ ಸಿಗುವ ಏಳನೆಯ ಸ್ವರವೆಂದೂ, ಅದನ್ನು ನಾಲ್ಕನೆಯ ಸದಸ್ಯನಾಗಿ ಸೇರಿಸಿಕೊಳ್ಳಬೇಕೆಂದೂ ಲಿಯೋನೆಲ್ ತಿಳಿಸಿದರು. ಬೆರಳು ಮಡಚಿ ಎಣಿಸಿದರೆ ಜಿ, ಎ, ಬಿ, ಸಿ, ಡಿ, ಇ, ಮತ್ತೆ ಯಾರು? ಎಫ್! ತಮ್ಮ ಹೆಸರಿನ ಒಂಟಿ ಸ್ವರವೇ ಅಲ್ಲಿಯೂ ಬಾಡಿಗೆಗೆ ಕುಳಿತಿತ್ತು. ತಮ್ಮಿಂದ ತಪ್ಪಿಸಿಕೊಂಡು ನಾನು ಹೋಗುವ ಮನೆಯಲ್ಲೆಲ್ಲ ತಮ್ಮ ಸಂಬಂಧಿಕರು ಬಾಗಿಲು ತೆರೆಯುವುದು ಇಲ್ಲಿಂದ ಶುರುವಾಯಿತು.

ಆದರೆ ಒಂದು ವಿಷಯದಲ್ಲಿ ನಾನು ತಮ್ಮ ಇಲಾಖೆಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಅದು ಸಸ್ಪೆಂಡೆಡ್ ಕಾರ್ಡ್. ಸಿ ಯಲ್ಲಿ ನಡುವೆ ಕುಳಿತ ಗ ವನ್ನು ಸಸ್ಪೆಂಡ್ ಮಾಡಿ, ಪಕ್ಕದ ಟೇಬಲಿನ ಮ ವನ್ನು ತಾತ್ಕಾಲಿಕವಾಗಿ ಇನ್-ಚಾರ್ಜ್ ಹಾಕುವುದು. ಕಿವಿಗೆ ಏನೋ ಬಾಕಿ ಉಳಿದಂತೆ ಕಿರಿಕಿರಿಯಾಗುವುದು. ಎರಡು ಕ್ಷಣ ಕಳೆದ ಮೇಲೆ ಗ ಮರಳಿ ಹಾಜರಾಗುವುದು, ಎಲ್ಲರೂ ಉಸಿರು ಬಿಡುವುದು. ಯಾವ ವಿಚಾರಣೆಯೂ ಇಲ್ಲದೆ ಎರಡೇ ಕ್ಷಣದಲ್ಲಿ ಮರುನೇಮಕ ಮಾಡುವ ಈ ಆಡಳಿತ ಕ್ರಮವನ್ನು ನಮ್ಮ ಕಾಲೇಜಿಗೂ ವಿಸ್ತರಿಸಬೇಕೆಂದು ನಾನು ಪ್ರಿನ್ಸಿಪಾಲರಿಗೆ ಬರೆದ ಅರ್ಜಿ ಇನ್ನೂ ಸಸ್ಪೆಂಡೆಡ್ ಸ್ಥಿತಿಯಲ್ಲೇ ಇದೆ.

ಇನ್ನು ತಮ್ಮ ವಿಷಯಕ್ಕೆ ಬರುತ್ತೇನೆ. ಸಿ ಸಜ್ಜನರು, ಮೂರು ಬೆರಳಿನಲ್ಲಿ ತೃಪ್ತರು. ಜಿ ಯವರೂ ಹಾಗೆಯೇ. ತಾವು ಮಾತ್ರ ತೋರುಬೆರಳನ್ನು ಮೊದಲ ಮನೆಯ, ಎಂದರೆ ಕುತ್ತಿಗೆಯ ಲೋಹದ ಪಟ್ಟಿಗಳ ನಡುವಿನ ಮೊದಲ ಅಂಕಣದ, ಮೇಲೆ ಆರೂ ತಂತಿಗಳಿಗೆ ಅಡ್ಡ ಮಲಗಿಸಬೇಕು, ಉಳಿದ ಮೂರು ಬೆರಳುಗಳು ಅದರ ಮುಂದೆ ಏಣಿ ಹತ್ತಬೇಕು, ಅಷ್ಟಾದ ಮೇಲೆಯೂ ಆರರಲ್ಲಿ ಒಂದಕ್ಕೆ ಬೇಸರವಾದರೆ ಆರೂ ಸೇರಿ 'ಟಪ್' ಎನ್ನುವ ಒಗ್ಗಟ್ಟು ತಮ್ಮದು. ಈ ಒಗ್ಗಟ್ಟಿನ ಸದ್ದಿಗೆ ಸುಭಾಷಿಣಿ, ಎಂದರೆ ನನ್ನ ಹೆಂಡತಿ, ಮೊದಲ ವಾರದಲ್ಲಿ ಮೂರು ಸಲ ಹೋಗಿ ಮುಂಬಾಗಿಲು ತೆರೆದು ನೋಡಿ, "ಯಾರೂ ಇಲ್ಲ ಮಾರಾಯ್ರೇ, ಬಡಿದು ಎಲ್ಲಿ ಹೋದರೋ" ಎಂದು ಮರಳಿ ಬಂದಳು. ನಾಲ್ಕನೆಯ ಸಲ ಬಂದದ್ದು ನಿಜವಾಗಿಯೂ ಪೋಸ್ಟ್‌ಮ್ಯಾನ್. ಆ ಸಲ ಅವಳು ಏಳಲಿಲ್ಲ, ಅವರು ಕಾಗದವನ್ನು ಲಿಗೋರಿಯವರ ಮನೆಗೆ ಕೊಟ್ಟು ಹೋದರು. ತರಗತಿಯಲ್ಲಿ ನಾನು ಒಂದು ಮುಖ್ಯ ಅಂಶವನ್ನು ಹೇಳಲು ಎಡಗೈಯ ತೋರುಬೆರಳನ್ನು ಎತ್ತಿದಾಗ ಅದರ ಮೇಲಿದ್ದ ಆರು ಗೆರೆಗಳನ್ನು ನೋಡಿದ ವಿದ್ಯಾರ್ಥಿಗಳು, ಅಂಶಗಳು ಒಟ್ಟು ಆರು ಇವೆಯೆಂದು ಭಾವಿಸಿ ನೋಟ್ ಪುಸ್ತಕದಲ್ಲಿ ಆರರವರೆಗೆ ಸಂಖ್ಯೆ ಹಾಕಿಕೊಂಡು ಕಾದರು. ಕುತ್ತಿಗೆಗೆ ಕೇಪೋ ಎಂಬ, ತಂತಿ ಒತ್ತಿ ಹಿಡಿಯುವ ಕ್ಲಿಪ್ಪು ಹಾಕಿಕೊಂಡರೆ ತಮ್ಮ ಕಾಟವಿಲ್ಲದೆಯೂ ಸಾಗಿಸಬಹುದಂತೆ; ಹುಟ್ಟಿದಂದಿನಿಂದ ಕಾಪುವಿನಲ್ಲೇ ಇರುವ ನನಗೆ ಉಡುಪಿಯ ಯಾವ ಅಂಗಡಿಯಲ್ಲಿಯೂ ಒಂದು ಕೇಪೋ ಸಿಗದಿದ್ದುದು ಕೂಡ ತಮ್ಮ ಪ್ರಭಾವವೇ ಇರಬೇಕು.

ಸುಭಾಷಿಣಿ ಶನಿವಾರದ ಭಜನೆಗೆ ಹಾರ್ಮೋನಿಯಂ ಬಾರಿಸುವವಳು. ಬಾಗಿಲು ತೆರೆದು ಸಾಕಾದ ಮೇಲೆ ಅವಳು ಪೆಟ್ಟಿಗೆಯನ್ನು ಎಳೆದುಕೊಂಡು ನನ್ನ ಎದುರು ಕುಳಿತಳು. ನಾನು ಒಂದೊಂದೇ ಮನೆ ಒತ್ತುತ್ತ ಹೋದಂತೆ, ಅದು ತನ್ನ ಪೆಟ್ಟಿಗೆಯಲ್ಲಿ ಎಲ್ಲಿದೆ ಎಂದು ಹುಡುಕಿ, ಗಿಟಾರಿನ ಒಂದು ಮನೆ ಏರಿದರೆ ಹಾರ್ಮೋನಿಯಂನಲ್ಲಿ ಕರಿಯೋ ಬಿಳಿಯೋ ಒಂದು ಮನೆ ಏರಿದ ಹಾಗೆ ಎಂದು ಕಂಡುಕೊಂಡಳು. ನಾವು ಹಾಡನ್ನು ಬಿಳಿ ಒಂದರಲ್ಲಿ, ಅಂದರೆ ಸಿ ಯಲ್ಲಿ, ಇಟ್ಟುಕೊಂಡು ಎಂಟು ತಿಂಗಳು ಸಾಧನೆ ಮಾಡಿದೆವು. ಸಾಧನೆ ನನ್ನದು, ಸಹನೆ ಅವಳದು. ಸಂಕ್ರಮಣದ ದಿನ ಬೆಳಗ್ಗೆ, ಮದುವೆಗೆ ನಾಲ್ಕೇ ದಿನ ಇರುವಾಗ, ತಾವು ಪ್ರಸನ್ನರಾಗಿ ಆರೂ ತಂತಿಗಳಲ್ಲಿ ಮೊಳಗಿದಿರಿ. ಸುಭಾಷಿಣಿ ಒಗ್ಗರಣೆಯ ಸೌಟು ಹಿಡಿದೇ ಓಡಿ ಬಂದು, "ಎಂತ ಅದು, ರೇಡಿಯೋ ಸರಿಯಾಯಿತಾ?" ಎಂದು ಕೇಳಿದಳು. ನನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಬಿರುದು ಸಿಕ್ಕಿಲ್ಲ.

ಹದಿನೆಂಟರಂದು ಕಾರ್ಕಳದಲ್ಲಿ ಮದುವೆ. ಬಸ್ಸಿನಲ್ಲಿ ಗಿಟಾರಿಗೆ ಜಾಗವಿಲ್ಲದೆ ಕಂಡಕ್ಟರ್, "ಮಾಷ್ಟ್ರೇ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಿ" ಎಂದ. ಹಾಗೆಯೇ ಕೂರಿಸಿಕೊಂಡು, ತಮ್ಮನ್ನು ಬೆರಳುಗಳು ಮರೆಯದಿರಲೆಂದು ದಾರಿಯುದ್ದಕ್ಕೂ ಒತ್ತಿ ಹಿಡಿದೇ ಕಾರ್ಕಳ ತಲುಪಿದೆ. ಹಾಡುವವರು ಲಿಗೋರಿಯವರ ಅಕ್ಕ, ಕುಕ್ಕುಂದೂರಿನ ಜೆರ್ಟ್ರೂಡ್ ಬಾಯಿ. ತಾಯಿಯ ಆ ಹಾಡು ಪೂರ್ತಿ ಬರುವುದು ಈಗ ಅವರೊಬ್ಬರಿಗೇ. ಎಪ್ಪತ್ತು ವರ್ಷದ ಆ ಹಿರಿಯರು ಯಾರ ಹತ್ತಿರವೂ ಶ್ರುತಿ ಕೇಳಿ ತೆಗೆದುಕೊಂಡವರಲ್ಲ, ಕೊಟ್ಟು ಅಭ್ಯಾಸವಿರುವವರು. ಲೊರ್ನಾ ಮತ್ತು ಮದುಮಗ ವೇದಿಕೆಯ ಮೇಲೆ, ಪಾದ್ರಿಗಳ ಕೈಯಲ್ಲಿ ಲೋಟ, ಇನ್ನೂರೈವತ್ತು ಮಂದಿ ಮೌನ. ಜೆರ್ಟ್ರೂಡ್ ಬಾಯಿ ಕಣ್ಣು ಮುಚ್ಚಿ ತಮಗೆ ಹಿತವಾದ ಕಡೆಯಿಂದ ಎತ್ತಿಕೊಂಡರು. ಅದು ಬಿಳಿ ಒಂದಾಗಿರಲಿಲ್ಲ, ಬಿಳಿ ಎರಡಾಗಿತ್ತು. ಸಿ ಅಲ್ಲ, ಡಿ.

ಮಾನ್ಯರೇ, ಏರಿದ್ದು ನನಗೆ ಕೇಳಿಸಲಿಲ್ಲವೆಂದು ತಾವು ಭಾವಿಸಬಾರದು. ಚೆನ್ನಾಗಿಯೇ ಕೇಳಿಸಿತು. ಆದರೆ ನಾನು ಭಜನೆಯ ಮನೆಯವನು. ನಮ್ಮ ಮಂಡಳಿಯ ನಳಿನಾಕ್ಷಿ ಶೀತವಾದ ವಾರ ಬಿಳಿ ಒಂದರಲ್ಲೂ, ಗುಣವಾದ ವಾರ ಕರಿ ಎರಡರಲ್ಲೂ ಹಾಡುತ್ತಾರೆ. ಎರಡು ವಾರವೂ ಅದು ಸ ವೇ. ನಮ್ಮಲ್ಲಿ ಸ ಎಂಬುದು ಅಧ್ಯಕ್ಷರ ಕುರ್ಚಿ, ಯಾರು ಬಂದು ಕುಳಿತರೂ ಅವರೇ ಅಧ್ಯಕ್ಷರು. ಆದ್ದರಿಂದ ಆ ಕ್ಷಣದಲ್ಲಿ ಇಪ್ಪತ್ತು ವರ್ಷಗಳ ತರ್ಕಶಾಸ್ತ್ರ ನನ್ನ ನೆರವಿಗೆ ಓಡಿ ಬಂತು: ಸ ಎಂದರೆ ಸಿ, ಜೆರ್ಟ್ರೂಡ್ ಬಾಯಿ ಹಿಡಿದದ್ದು ಸ, ಆದ್ದರಿಂದ ಜೆರ್ಟ್ರೂಡ್ ಬಾಯಿ ಹಿಡಿದದ್ದು ಸಿ. ಅವರ ಸ ಮೇಲೆ ಹೋಗಿದ್ದರೆ ನನ್ನ ಸಿ ಯೂ ತಾನಾಗಿ ಅವರ ಹಿಂದೆ ಹೋಗಿರತಕ್ಕದ್ದು. ಪೂರ್ಣ ವಿಶ್ವಾಸದಿಂದ, ಸಭೆಗೆ ಕೇಳುವ ಹಾಗೆ, ನಾನು ಸಿ ಬಾರಿಸಿದೆ.

ಅವರು ಉಡುಪಿಯಲ್ಲಿ ಹಾಡುತ್ತಿದ್ದರು, ನಾನು ಪಕ್ಕದೂರು ಉದ್ಯಾವರದಲ್ಲಿ ಬಾರಿಸುತ್ತಿದ್ದೆ ಎಂದರೆ ತಮಗೆ ಅಂದಾಜಾಗಬಹುದು. ಪಾದ್ರಿಗಳ ಲೋಟ ತುಟಿಯ ಹತ್ತಿರ ಬಂದು ನಿಂತಿತು. ಮದುಮಗ ಲೊರ್ನಾಳ ಕಡೆಗೆ ನೋಡಿದ ನೋಟದಲ್ಲಿ, ಹುಡುಗಿಯ ನೆರೆಹೊರೆಯ ಬಗ್ಗೆ ಮೊದಲೇ ವಿಚಾರಿಸಬೇಕಿತ್ತು ಎಂಬ ಪಶ್ಚಾತ್ತಾಪವಿತ್ತು. ಜೆರ್ಟ್ರೂಡ್ ಬಾಯಿ ಹಾಡಿನ ಸಾಲು ಮುಗಿಸಿ, ಮುಂದಿನ ಸಾಲು ಹಿಡಿಯುವ ಸಣ್ಣ ಬಿಡುವಿನಲ್ಲಿ ಒಂದು ಕಣ್ಣು ತೆರೆದು, "ಮಾಷ್ಟ್ರೇ, ನಿಮ್ಮದು ಬೇರೆ ಮದುವೆಯದ್ದಾ?" ಎಂದು ಕೇಳಿ ಮತ್ತೆ ಮುಚ್ಚಿಕೊಂಡರು. ದೂರದಲ್ಲಿ ಲಿಗೋರಿಯವರು ಗಿಟಾರಿನ ಪೆಟ್ಟಿಗೆಯನ್ನು ಮೆಲ್ಲನೆ ತಮ್ಮ ಕಡೆಗೆ ಸರಿಸಿಕೊಂಡದ್ದನ್ನು ನಾನು ಕಂಡೆ.

ಆಗ ಪಕ್ಕದ ಸಸ್ಯಾಹಾರಿಗಳ ಮೇಜಿನಿಂದ ಸುಭಾಷಿಣಿಯ ಧ್ವನಿ ಕೇಳಿತು: "ಅದು ಬಿಳಿ ಎರಡು! ಎರಡು ಮನೆ ಮೇಲೆ ಹೋಗಿ!" ನಾನು ಆಜ್ಞಾಧಾರಕ. ಸಿ ಯ ಮೂರು ಬೆರಳುಗಳನ್ನೂ ಹಾಗೆಯೇ ಎತ್ತಿ ಎರಡು ಮನೆ ಮುಂದೆ ಇಟ್ಟು ಬಾರಿಸಿದೆ. ಬೆರಳಿನ ಕೆಳಗಿದ್ದ ಮೂರು ತಂತಿಗಳು ಹೊಸ ಊರಿಗೆ ಬಂದವು. ಒತ್ತದೆ ಖಾಲಿ ಬಿಟ್ಟ ಮೂರು ತಂತಿಗಳು ಹಳೆಯ ಊರಿನಲ್ಲೇ ನಿಂತು ಅಲ್ಲಿಂದ ಕೂಗಿ ಕರೆದವು. ಮೊದಲ ಸಲ ಬರಿಯ ತಪ್ಪಾಗಿತ್ತು, ಈಗ ಅರ್ಧ ಸರಿಯಾಗಿ ಇನ್ನೂ ಹೇಸಿಗೆಯಾಯಿತು. ಅಷ್ಟರಲ್ಲಿ ಹಾಡು ತಮ್ಮ ಜಾಗಕ್ಕೆ ಬಂತು. ನಾನು ಬದುಕಿನ ಆಸೆ ಬಿಟ್ಟು ತಮ್ಮನ್ನು ಹಿಡಿದು, ಮೊದಲ ಮನೆಯಿಂದ ಮೂರನೆಯ ಮನೆಗೆ ದೂಡಿದೆ.

ಆರೂ ತಂತಿ! ಒಂದೂ ಹಿಂದೆ ಉಳಿಯಲಿಲ್ಲ! ತಮ್ಮ ನಾದ ಜೆರ್ಟ್ರೂಡ್ ಬಾಯಿಯ ಧ್ವನಿಯ ಕೆಳಗೆ ಹೋಗಿ, ಚಾಪೆ ಹಾಸಿದ ಹಾಗೆ ಕುಳಿತಿತು. ಅವರು ಕಣ್ಣು ತೆರೆಯಲಿಲ್ಲ, ಆದರೆ ಹುಬ್ಬು ಇಳಿಯಿತು. ಕಾರಣ ಆಮೇಲೆ ತಿಳಿಯಿತು: ಉಳಿದ ಕಾರ್ಡುಗಳು ಖಾಲಿ ತಂತಿಗಳನ್ನು ಮನೆ ಕಾಯಲು ಬಿಟ್ಟು ಹೊರಡುವವರು, ಅಡ್ಡ ಬೆರಳಿನಿಂದ ಇಡೀ ಸಂಸಾರವನ್ನು ಕಟ್ಟಿಕೊಂಡು ಮನೆ ಬದಲಾಯಿಸುವವರು ತಾವು. ಆ ಕ್ಷಣಕ್ಕೆ ನನಗೆ ಇದಾವುದೂ ಹೊಳೆದಿರಲಿಲ್ಲ. ನನ್ನ ಬೆರಳುಗಳು ಎಂಟು ತಿಂಗಳ ಅಭ್ಯಾಸಕ್ಕೂ ಎರಡು ಗಂಟೆಯ ಬಸ್ಸಿಗೂ ತಮ್ಮ ಆಕಾರದಲ್ಲೇ ಸೆಟೆದು ಹೋಗಿದ್ದವು, ಬಿಡಿಸಿದರೂ ಬಿಡುವಂತಿರಲಿಲ್ಲ, ಅಷ್ಟೇ. ಹೊಳೆದದ್ದು ಸುಭಾಷಿಣಿಗೆ. ಈ ಆಕಾರ ಮೊದಲ ಮನೆಯಲ್ಲಿ ಎಫ್ ಆದರೆ, ಮನೆಗೊಂದರಂತೆ ಕರಿ ಬಿಳಿ ಎಣಿಸುತ್ತ ಏರಿದರೆ ಮೂರರಲ್ಲಿ ಜಿ, ಐದರಲ್ಲಿ ಎ, ಹತ್ತರಲ್ಲಿ ಡಿ. ಬಿಳಿ ಎರಡರ ಹಾಡಿಗೆ ಬೇಕಾದದ್ದು ಆ ಮೂರೇ. ಪೆಟ್ಟಿಗೆಯಿಲ್ಲದೆ, ಎಲೆಯ ಮುಂದೆ ಕುಳಿತೇ ಅವಳು ಈ ಲೆಕ್ಕ ಮಾಡಿ, ಎದ್ದು ನಿಂತು, ಹಾಡು ಹೋದ ಹಾಗೆ ನನಗೆ ಬೆರಳು ತೋರಿಸತೊಡಗಿದಳು: ಎರಡೂ ಕೈ ಬಿಡಿಸಿದರೆ ಹತ್ತು, ಒಂದು ಕೈಯಾದರೆ ಐದು, ಮೂರು ಬೆರಳಾದರೆ ಮೂರು. ನಾನು ಅವಳನ್ನೇ ನೋಡುತ್ತ ಕುತ್ತಿಗೆಯ ಮೇಲೆ ಕೆಳಗೆ ಜಾರಿದೆ. ಉಳಿದ ಎರಡು ನುಡಿಗಳು ಎಣ್ಣೆ ಹಚ್ಚಿದ ಹಾಗೆ ಹೋದವು.

ಬಡಿಸುವವರ ಮುಖ್ಯಸ್ಥರಾದ ಬೇಬಿ ಎಂಬ ಐವತ್ತೈದು ವರ್ಷದ ದಪ್ಪ ಮೀಸೆಯ ಸಜ್ಜನರು ಮಾತ್ರ ಈ ಸಂಕೇತಗಳನ್ನು ಸಾನ್ನಾದ, ಎಂದರೆ ಇಡ್ಲಿಯಂಥ ಅಕ್ಕಿ ತಿಂಡಿಯ, ಬೇಡಿಕೆಯೆಂದು ತಿಳಿದರು. ಅವಳು ಹತ್ತು ತೋರಿಸಿದಾಗ ಹತ್ತು ಸಾನ್ನಾ ಬಂತು. ಮೂರು ತೋರಿಸಿದಾಗ ಮೂರು. ಮತ್ತೆ ಹತ್ತು, ಆಮೇಲೆ ಐದು, ಕೊನೆಗೆ ಮತ್ತೆ ಹತ್ತು. ನುಡಿಗೆ ಮೂವತ್ತೆಂಟರಂತೆ ಎರಡು ನುಡಿಗೆ ಒಟ್ಟು ಎಪ್ಪತ್ತಾರು. ಹಾಡು ಮುಗಿದು ಇನ್ನೂರೈವತ್ತು ಮಂದಿ ಚಪ್ಪಾಳೆ ತಟ್ಟುವಾಗ ಸುಭಾಷಿಣಿ ಸಾನ್ನಾದ ಗುಡ್ಡದ ಹಿಂದಿನಿಂದ ಕಾಣಿಸುತ್ತಿರಲಿಲ್ಲ, ಬೇಬಿಯವರು ಕೈಮುಗಿದು, "ಇನ್ನೂ ಬೇಕಾ ಅಕ್ಕ? ಹಿಟ್ಟು ಮುಗಿಯಿತು" ಎನ್ನುತ್ತಿದ್ದರು.

ಇನ್ನು ತೀರ್ಪು. ಲಿಗೋರಿಯವರು ಕಣ್ಣೊರಸಿಕೊಂಡೇ ಬಂದರು, ತಾಯಿಯ ಹಾಡು ಅವರಿಗೆ ತಾಗಿತ್ತು. ನಾನು ಗಿಟಾರನ್ನು ಎದೆಗೆ ಒತ್ತಿಕೊಂಡು, ಕೃತಜ್ಞತೆಯ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ನಿಂತಿದ್ದೆ. ಅವರು, "ಮಾಷ್ಟ್ರೇ, ಮಾತು ಅಂದರೆ ಮಾತು. ಹಾಡಿಗೆ ಬಾರಿಸಿದವರಿಗೆ ಗಿಟಾರ್ ಅಂತ ಅಲ್ವಾ ನಾನು ಹೇಳಿದ್ದು? ಬಾರಿಸಿದ್ದು ನಿಮ್ಮ ಸುಭಾಷಿಣಿಯಕ್ಕ. ನೀವು ಹಿಡಿದುಕೊಂಡು ನಿಂತದ್ದು" ಎಂದು, ಕ್ರೇನಿನವರ ನಯದಿಂದ ಅದನ್ನು ನನ್ನ ಎದೆಯಿಂದ ಎತ್ತಿ, ಸಾನ್ನಾಗಳ ಮೇಲಿನಿಂದ ಸಾಗಿಸಿ, ಸುಭಾಷಿಣಿಯ ಕೈಯಲ್ಲಿ ಇಳಿಸಿದರು. ಅವಳು ಬೇಡ ಬೇಡ ಎಂದಳು. ಎಡಗೈಯಲ್ಲಿ ಬೇಡ ಎನ್ನುತ್ತ ಬಲಗೈಯಲ್ಲಿ ತೆಗೆದುಕೊಂಡಳು. ಮದುಮಗಳು ಲೊರ್ನಾ ನನ್ನ ಮುಖ ನೋಡಿ ಮರುಕಪಟ್ಟು, "ಬೇಜಾರು ಮಾಡಬೇಡಿ ಅಂಕಲ್, ಒಳ್ಳೆ ಹಿಡಿದುಕೊಂಡಿರಿ" ಎಂದಳು.

ಮರುದಿನ ಲಿಯೋನೆಲ್ ಅವರಲ್ಲಿಗೆ ಹೋಗಿ ತಮ್ಮ ಈ ಗುಪ್ತ ಶಕ್ತಿಯ ಬಗ್ಗೆ ಮೊದಲೇ ಏಕೆ ಹೇಳಲಿಲ್ಲವೆಂದು ಜಗಳ ತೆಗೆದೆ. ಅವರು ತಣ್ಣಗೆ, "ಇ ಯನ್ನೇ ಒಂದು ಮನೆ ಮುಂದೆ ದೂಡಿ ಅಡ್ಡ ಬೆರಳು ಇಟ್ಟರೆ ಎಫ್, ಇನ್ನೂ ದೂಡಿದರೆ ಯಾವುದು ಬೇಕಾದರೂ ಅಂತ ಮೇಯಲ್ಲೇ ಹೇಳಿದ್ದೆ ಅಲ್ವಾ? ನೀವು ಆಗ ಬೆರಳಿಗೆ ಊದಿಕೊಳ್ಳುತ್ತಿದ್ದಿರಿ" ಎಂದರು. ಬಸ್ಸಿನಲ್ಲಿ ಮರಳುವಾಗ ನನ್ನ ತರ್ಕದ ತಪ್ಪೂ ತಿಳಿಯಿತು. ಸಿ ಎಂಬುದು ಊರಿನ ಹೆಸರು, ಸ ಎಂಬುದು ಹೊರಡುವ ಜಾಗದ ಹೆಸರು. ಬಸ್ಸು ಕಾಪುವಿನಿಂದ ಹೊರಡಲಿ, ಕಾರ್ಕಳದಿಂದ ಹೊರಡಲಿ, ಹೊರಟ ಜಾಗ ಹೊರಟ ಜಾಗವೇ. ಆದರೆ ಬಸ್ಸು ಕಾರ್ಕಳದಿಂದ ಹೊರಟಿತೆಂದು ಕಾಪು ಎದ್ದು ಕಾರ್ಕಳಕ್ಕೆ ಹೋಗುವುದಿಲ್ಲ. ಹೋಗುತ್ತದೆಂದು ನಂಬಿ ಇನ್ನೂರೈವತ್ತು ಮಂದಿಯ ಎದುರು ಬಾರಿಸಿದವನು ತರ್ಕಶಾಸ್ತ್ರದ ಉಪನ್ಯಾಸಕ ಎಂಬುದನ್ನು ತಾವು ದಯವಿಟ್ಟು ವಿಶ್ವವಿದ್ಯಾಲಯಕ್ಕೆ ತಿಳಿಸಬಾರದು.

ಆದರೆ ಸ್ವಾಮೀ, ಊರೂರು ಸುತ್ತುವ ನಮ್ಮ ಸ ದ ಹಾಗೆಯೇ ತಾವೂ ಎಲ್ಲಿ ಬೇಕಾದರೂ ಕುಳಿತುಕೊಳ್ಳಬಲ್ಲವರು, ಇಡೀ ಕುತ್ತಿಗೆಯಲ್ಲಿ ನನ್ನ ಭಾಷೆ ಬಲ್ಲವರು ತಾವೊಬ್ಬರೇ. ಅಂಥ ಆಪ್ತರು ಎಂಟು ತಿಂಗಳು ನನ್ನೊಡನೆ 'ಟಪ್' ಎಂದು ಮಾತ್ರ ಮಾತನಾಡಿದ್ದು ಯಾವ ನ್ಯಾಯ? ಹಾಗಾಗಿ ಈ ಕೆಳಗಿನ ಸಣ್ಣಪುಟ್ಟ ಬೇಡಿಕೆಗಳು. ಹದಿನೆಂಟನೆಯ ತಾರೀಕು ಮಧ್ಯಾಹ್ನ, ಕುತ್ತಿಗೆಯ ಮೂರು, ಐದು ಮತ್ತು ಹತ್ತನೆಯ ಮನೆಗಳಲ್ಲಿ ತಮ್ಮನ್ನು ಒತ್ತಿದ ಬೆರಳು ನನ್ನದೇ, ತೋರಿಸಿದ ಬೆರಳು ಮಾತ್ರ ಇನ್ನೊಬ್ಬರದು, ಒತ್ತುವುದೇ ಬಾರಿಸುವುದು, ತೋರಿಸುವುದು ಬಾರಿಸುವುದಲ್ಲ ಎಂದು ಆರೂ ತಂತಿಗಳ ಸಹಿಯೊಡನೆ ಒಂದು ಪ್ರಮಾಣಪತ್ರವನ್ನು ಲಿಗೋರಿಯವರ ವಿಳಾಸಕ್ಕೆ, ಅವರು ಮಸ್ಕತ್ತಿಗೆ ಹೊರಡುವ ಮೊದಲು ತಲುಪಿಸಬೇಕು. ಹೊಸದಾಗಿ ಕಲಿಯುವವರ ಹಿತದೃಷ್ಟಿಯಿಂದ ಕೆಳಗಿನ ಎರಡು ತಂತಿಗಳಿಗಾದರೂ ತಾವು ಹಕ್ಕು ಬಿಟ್ಟುಕೊಡಬೇಕು, ಅಥವಾ ಮನುಷ್ಯರಿಗೆ ಒಂದು ಹೆಚ್ಚಿನ ಬೆರಳನ್ನು ಮಂಜೂರು ಮಾಡಿಸಿ ಕೊಡಬೇಕು. ಭಾನುವಾರ ತಮ್ಮ ಬದಲಿಗೆ ಇ ಯವರನ್ನು ಇನ್-ಚಾರ್ಜ್ ಹಾಕಿದರೆ ನನ್ನ ಆಕ್ಷೇಪವಿಲ್ಲ. ಇನ್ನು ಮುಂದೆ ತಮ್ಮ ಮೊದಲ ಮನೆಯ ಹೊಸ್ತಿಲಿನಲ್ಲಿ "ಈ ಕಾರ್ಡ್ ಸ್ಥಳಾಂತರಕ್ಕೆ ಸಿದ್ಧ" ಎಂಬ ಒಂದು ಸಣ್ಣ ಬೋರ್ಡು, ಕನ್ನಡದಲ್ಲಿ, ತೂಗುಹಾಕಬೇಕು.

ಪ್ರಮಾಣಪತ್ರ ಕೈಸೇರಿದ ಕೂಡಲೇ ನಾನು ಒಡೆತನದ ಮೇಲ್ಮನವಿ ಸಲ್ಲಿಸುವವನಿದ್ದೇನೆ. ಅಲ್ಲಿಯವರೆಗೆ ಗಿಟಾರು ಹಾರ್ಮೋನಿಯಂ ಪಕ್ಕದಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ ಇರುತ್ತದೆ. ಮುಟ್ಟಬೇಕಾದರೆ ನಾನು ಕೇಳಿ ಮುಟ್ಟಬೇಕು. ಹತ್ತು ದಿನಗಳಲ್ಲಿ ನಾಲ್ಕು ಸಲ ಕೇಳಿದ್ದೇನೆ. ಎರಡು ಸಲ ಕೈ ತೊಳೆದು ಬರಲು ಹೇಳಿದ್ದಾಳೆ.

ತೋರುಬೆರಳಿನ ಚರ್ಮ ಉಳಿದಿರುವಷ್ಟು ದಿನ
ತಮ್ಮ ವಿಶ್ವಾಸಿ,

ಹೃಷೀಕೇಶ

ವಿ.ಸೂ.: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಸುಭಾಷಿಣಿ ಒಳಗಿನ ಕೋಣೆಯಲ್ಲಿ ಮಲ್ಲಿಗೆ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು, ಬಾಳೆನಾರು ಸುತ್ತಿದ ಬೆರಳಿನಲ್ಲೇ ಬಟ್ಟೆ ಸರಿಸಿ, ಜೀವಮಾನದಲ್ಲಿ ಮೊದಲ ಸಲ ಬಾರಿಸಲೆಂದು ಗಿಟಾರು ಎತ್ತಿಕೊಂಡಳು. "ಇದನ್ನಾ ನೀವು ಎಂಟು ತಿಂಗಳು ಮಾಡಿದ್ದು?" ಎಂದು ಕೇಳಿ ತಮ್ಮನ್ನು ಒತ್ತಿದಳು. ಮೊದಲ ಪ್ರಯತ್ನ. ಆರೂ ತಂತಿ. ಪ್ರಮಾಣಪತ್ರದ ತೊಂದರೆ ತೆಗೆದುಕೊಳ್ಳಬೇಡಿ. ತಾವು ಯಾರ ಕಡೆಯ ಸಾಕ್ಷಿ ಎಂಬುದು ಇಲ್ಲಿಯವರೆಗೆ ಸ್ಪಷ್ಟವಾಗಿ ಕೇಳಿಸಿತು.